ಬಿಲ್ಲೆಯ ಅಂಚು

ಇದನ್ನು ಬರೆಯುವಾಗ ನನ್ನ ಮುಂದೆ ಎರಡು ಪುಸ್ತಕಗಳಿವೆ. ಒಂದು ಉತ್ಖನನದ ದಿನಚರಿ. ಸಂಜೆ ಕೆಲಸ ನಿಲ್ಲಿಸಿದ ಕೂಡಲೇ, ಕೈ ತೊಳೆಯುವ ಮೊದಲೇ ಬರೆಯುವುದು ನನ್ನ ರೂಢಿ. ಹಾಗಾಗಿ ಪುಟದ ಮೂಲೆಗಳಲ್ಲಿ ಮಣ್ಣಿನ ಬೆರಳಚ್ಚುಗಳಿವೆ. ಇನ್ನೊಂದು ಮನೆಯಲ್ಲಿ ಬರೆಯುವ ಡೈರಿ. ಎರಡೂ ನನ್ನದೇ ಅಕ್ಷರ. ಆದರೆ ಕಳೆದ ಬೇಸಿಗೆಯ ಒಂದು ಮಧ್ಯಾಹ್ನದ ಬಗ್ಗೆ ಅವು ಒಂದೇ ಮಾತು ಹೇಳುವುದಿಲ್ಲ. ನನ್ನ ನೆನಪು ಮೂರನೆಯದನ್ನು ಹೇಳುತ್ತದೆ. ಆದ್ದರಿಂದ ಇಲ್ಲಿ ನೆನಪಿನಿಂದ ಬರೆದದ್ದನ್ನು ನೆನಪಿನಿಂದ ಬರೆದದ್ದೆಂದೇ ಹೇಳುತ್ತ ಹೋಗುತ್ತೇನೆ.

ಹಳ್ಳಿಮೈಸೂರಿನ ಹತ್ತಿರದ ಒಂದು ಊರಿನ ಹಿಂದೆ ಇಳಿಜಾರಾದ ಹೊಲವಿದೆ. ಅದರ ಮೇಲಂಚಿನಲ್ಲಿ ಹನ್ನೆರಡು ಗುಂಡುಕಲ್ಲುಗಳು ವೃತ್ತವಾಗಿ ನಿಂತಿವೆ. ಊರಿನವರು ಪಾಂಡವರ ಕಲ್ಲು ಎನ್ನುತ್ತಾರೆ. ನಾವು ಹಾಸನದಿಂದ ಹೋದವರು ಅದನ್ನು ಶಿಲಾವೃತ್ತ ಎನ್ನುತ್ತೇವೆ. ಕಬ್ಬಿಣ ಬಳಸುತ್ತಿದ್ದ, ಬರವಣಿಗೆ ಇಲ್ಲದ, ಈ ನೆಲದ ತೀರ ಹಳೆಯ ಜನ ಸತ್ತವರ ಮೂಳೆಗಳನ್ನು ಮಡಕೆಗಳ ಜೊತೆ ಹೂತು, ಸುತ್ತ ಕಲ್ಲು ನಿಲ್ಲಿಸಿದ ಜಾಗ. ಆ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ ಗೊತ್ತಿಲ್ಲ.

ಆ ವೃತ್ತದ ಕಾಲುಭಾಗವನ್ನು ಅಗೆಯಲು ನಮಗೆ ಅನುಮತಿ ಸಿಕ್ಕಿತ್ತು. ಕೆಲಸ ನನ್ನ ಹೆಸರಿನಲ್ಲಿದ್ದರೂ ಅದು ನಿಜವಾಗಿ ನನ್ನ ಸಂಶೋಧನಾ ವಿದ್ಯಾರ್ಥಿನಿಯದು. ಅವಳ ಪಿಎಚ್.ಡಿ. ಪ್ರಬಂಧ ಅದರ ಮೇಲೆ ನಿಂತಿತ್ತು. ಅರಕಲಗೂಡಿನ ಕಡೆಯವಳು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಬೇಯಿಸಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುತ್ತ ಬೆಳೆದದ್ದರಿಂದಲೋ ಏನೋ, ಎರಡು ಮಣ್ಣಿನ ನಡುವಿನ ತೆಳು ವ್ಯತ್ಯಾಸ ನನಗಿಂತ ಬೇಗ ಅವಳ ಕಣ್ಣಿಗೆ ಬೀಳುತ್ತಿತ್ತು.

ಹೊಲದ ಗೌಡರು ಮೊದಲ ದಿನವೇ ಒಪ್ಪಂದ ಮಾಡಿಕೊಂಡರು. "ಚಿನ್ನ ಸಿಕ್ರೆ ನಂಗೆ ಏಳ್ಬುಡಿ ಸಾ. ಮಡಕೆ ಸಿಕ್ರೆ ನೀವೇ ಮಡಿಕಳಿ."

ಮಣ್ಣು ಹೊರಲು ಊರಿನ ಏಳು ಜನ ಹೆಂಗಸರು ಬರುತ್ತಿದ್ದರು. ಕರಣೆ ಹಿಡಿದು ಕೆರೆಯುವವರು ನಾವು, ಬುಟ್ಟಿ ಹೊತ್ತು ಜರಡಿಗೆ ಸುರಿಯುವವರು ಅವರು. ಸಿಕ್ಕಿದ್ದನ್ನು ಮುಟ್ಟಬಾರದು, ನಮ್ಮನ್ನು ಕರೆಯಬೇಕು ಎಂದು ನಾನೇ ಮೊದಲ ದಿನ ಹೇಳಿಕೊಟ್ಟಿದ್ದೆ.

ಮಣ್ಣು ಮೂರು ಪದರಗಳಲ್ಲಿತ್ತು. ಮೇಲೆ ಗೇಣುದ್ದ ಉತ್ತ ಮಣ್ಣು. ಅದರ ಕೆಳಗೆ ಕಂದು ಮಣ್ಣು. ಮೂರನೆಯದು ಜಲ್ಲಿ ಬೆರೆಸಿ ಗಟ್ಟಿಯಾಗಿ ಬಡಿದದ್ದು. ಸಮಾಧಿಯನ್ನು ಮುಚ್ಚುವಾಗ ಆ ಹಳೆಯ ಜನ ಹಾಸಿದ್ದು. ಈ ಜಲ್ಲಿ ಪದರದ ಕೆಳಗೆ ಏನು ಸಿಕ್ಕರೂ ಅದು ಅವರದು. ಮೇಲೆ ಸಿಕ್ಕರೆ ಯಾರದಾದರೂ ಆಗಿರಬಹುದು. ನಮ್ಮ ಕೆಲಸದ ಲೆಕ್ಕ ಇಷ್ಟೇ ಸರಳ. ಅಷ್ಟು ಸರಳವಾಗಿರುವುದರಿಂದಲೇ ಆ ಒಂದು ಗೆರೆ ಎಲ್ಲಿದೆ ಎಂಬುದು ಎಲ್ಲಕ್ಕಿಂತ ಮುಖ್ಯವಾಗುತ್ತದೆ.

ಮೂರನೇ ವಾರ, ವಾಯವ್ಯ ಮೂಲೆಯ ಕಲ್ಲಿನ ಒಳಮಗ್ಗುಲಲ್ಲಿ, ಮೊಣಕೈ ಉದ್ದದಷ್ಟು ಆಳದಲ್ಲಿ ನನ್ನ ವಿದ್ಯಾರ್ಥಿನಿಯ ಕರಣೆಗೆ ದುಂಡಗಿನದೊಂದು ತಗುಲಿತು. ಮಡಕೆಯ ಚೂರನ್ನು ಅಂಚು ಉಜ್ಜಿ ಬಿಲ್ಲೆ ಮಾಡಿದ್ದರು. ಒಳಗೆ ಕಪ್ಪು, ಹೊರಗೆ ಕೆಂಪು. ಆ ಕಾಲದ ಮಡಕೆಯ ಬಣ್ಣವೇ. ಅದರ ಕೆಳಗೆ ಇನ್ನೊಂದು, ಅದರ ಪಕ್ಕ ಮತ್ತೊಂದು. ಒಂದರ ಮೇಲೊಂದು ಜೋಡಿಸಿಟ್ಟಂತೆ ಒಟ್ಟು ಹನ್ನೊಂದು. ಇಂಥ ಬಿಲ್ಲೆಗಳು ಹಳೆಯ ನೆಲೆಗಳಲ್ಲಿ ಸಿಗುತ್ತಲೇ ಇರುತ್ತವೆ. ನಮ್ಮ ವರದಿಗಳಲ್ಲಿ ಅವುಗಳಿಗೆ ಕುಂಟೆಬಿಲ್ಲೆ ಎಂಬ ಅರ್ಥದ ಇಂಗ್ಲಿಷ್ ಹೆಸರೇ ಇದೆ. ಆದರೆ ಸಮಾಧಿಯೊಳಗೆ, ಹೀಗೆ ಜೋಡಿಸಿಟ್ಟದ್ದನ್ನು ನಾನು ನೋಡಿರಲಿಲ್ಲ. ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಆಳ ಬರೆದು, ಒಂದೊಂದನ್ನೇ ಚೀಟಿ ಹಾಕಿದ ಚೀಲಕ್ಕೆ ಸೇರಿಸುವ ಹೊತ್ತಿಗೆ ಸಂಜೆಯಾಯಿತು. ಗುಂಡಿಯ ಗೋಡೆಯ ನಕ್ಷೆ, ಅಂದರೆ ಪದರಗಳ ಗೆರೆ ತೋರಿಸುವ ಚಿತ್ರವನ್ನು, ಮರುದಿನ ಬೆಳಗಿನ ಬೆಳಕಿನಲ್ಲಿ ಬರೆಯೋಣ ಎಂದೆ.

ಆ ರಾತ್ರಿ ಮಳೆ ಬಂತು. ಟಾರ್ಪಾಲು ಹೊದಿಸಿದ್ದೆವು, ಆದರೆ ಇಳಿಜಾರಿನ ಮೇಲಿನಿಂದ ಹರಿದ ನೀರು ಅಡಿಯಿಂದ ನುಗ್ಗಿ ಅದೇ ಮೂಲೆಯ ಗೋಡೆ ಕುಸಿದಿತ್ತು. ಬೆಳಿಗ್ಗೆ ನೋಡಿದರೆ ಕೆಸರಿನ ಗುಡ್ಡೆ. ಫೋಟೋಗಳೆಲ್ಲ ಮೇಲಿನಿಂದ ತೆಗೆದವು, ಗೋಡೆಯ ಮುಖ ಒಂದರಲ್ಲೂ ಇಲ್ಲ.

ಗ್ರಾಫ್ ಹಾಳೆ ತೊಡೆಯ ಮೇಲಿಟ್ಟುಕೊಂಡು ನಾನು ನಕ್ಷೆ ಬರೆದೆ. ಹಿಂದಿನ ದಿನವಿಡೀ ನೋಡಿದ ಗೋಡೆ, ಕಣ್ಣಿಗೆ ಕಟ್ಟಿದಂತಿತ್ತು. ಜಲ್ಲಿ ಪದರದ ಗೆರೆ ಬಿಲ್ಲೆಗಳ ಮೇಲೆ ಎಡದಿಂದ ಬಲಕ್ಕೆ ಎಲ್ಲೂ ತುಂಡಾಗದೆ ಹಾದು ಹೋಯಿತು. ಅಂದರೆ ಬಿಲ್ಲೆಗಳು ಸಮಾಧಿಯಷ್ಟೇ ಹಳೆಯವು. ನಕ್ಷೆಯ ಅಡಿಯಲ್ಲಿ ಸಹಿ ಹಾಕಿದೆ. ನೆನಪಿನಿಂದ ಬರೆದದ್ದು ಎಂದು ಬರೆಯಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಬರೆಯಬೇಕಾದ ವಿಷಯ ಎಂದೇ ಅನಿಸಲಿಲ್ಲ. ವಿದ್ಯಾರ್ಥಿನಿ ಆಗ ಇನ್ನೊಂದು ಬದಿಯಲ್ಲಿ ನೀರು ತೋಡಿಸುತ್ತಿದ್ದಳು.

ಹಾಸನದ ಪ್ರಯೋಗಾಲಯದಲ್ಲಿ ಬಿಲ್ಲೆಗಳನ್ನು ತೊಳೆದು ಒಣಗಿಸಿದ ಮೇಲೆ ಅವಳು ಒಂದು ಮಾತು ಕೇಳಿದಳು. ಎರಡೂ ಮುಖದ ಮೇಲೆ ಬಿಳಿ ಸುಣ್ಣದ ಪೊರೆ ಕಟ್ಟಿದೆ, ಮಣ್ಣಿನಲ್ಲಿ ಬಹುಕಾಲ ಇದ್ದದ್ದಕ್ಕೆ ಅದು ಸಹಜ. ಆದರೆ ಅಂಚಿನಲ್ಲಿ ಪೊರೆಯಿಲ್ಲ, ಹನ್ನೊಂದರಲ್ಲೂ ಇಲ್ಲ, ಯಾಕೆ ಸರ್? ಆಡಿ ಆಡಿ ಅಂಚು ಸವೆದಿರಬೇಕು ಎಂದೆ. ಸವೆದ ಮೇಲೂ ಮಣ್ಣಲ್ಲೇ ಇದ್ದವಲ್ಲ ಎಂದಳು. ಜಲ್ಲಿ ಪದರದ ಕೆಳಗೆ ಇದ್ದವು ಎಂಬುದು ಮುಖ್ಯ, ಉಳಿದದ್ದು ವಿವರ ಎಂದು ಉತ್ತರ ಕೊಟ್ಟೆ. ಅವಳು ಪಟ್ಟಿಯ ಷರಾ ಅಂಕಣದಲ್ಲಿ ಅಂಚಿನ ವಿಷಯ ಬರೆದಿಟ್ಟಳು.

ಆ ಬಿಲ್ಲೆಗಳ ಮೇಲೆ ಅವಳು ಬರೆದ ಅಧ್ಯಾಯ ಇಡೀ ಪ್ರಬಂಧದ ನಡುಗಂಬವಾಯಿತು. ಬದುಕಿದ್ದವರು ಸತ್ತವರಿಗೆ ಆಟದ ಸಾಮಾನು ಕೊಟ್ಟು ಕಳಿಸಿದರು ಎಂಬ ಊಹೆ. ಓದಿದಾಗ ನನಗೆ ತುಂಬ ಹಿಡಿಸಿತು. ಬಹುಶಃ ಬೇಕಾದದ್ದಕ್ಕಿಂತ ಹೆಚ್ಚೇ ಹಿಡಿಸಿತು. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಅವಳಿಗೆ ಕೊಟ್ಟಿದ್ದ ಕೊನೆಯ ಗಡುವು ನವೆಂಬರ್. ಅದಕ್ಕೆ ಮುಂಚಿನ ಗಡುವುಗಳು ಆಗಲೇ ಮುಗಿದಿದ್ದವು. ಅದು ತಪ್ಪಿದರೆ ಮೊದಲಿನಿಂದ ಹೆಸರು ನೋಂದಾಯಿಸಬೇಕು, ಐದು ವರ್ಷದ ಕೆಲಸ ಹೊಳೆಗೆ ಹಾಕಿದಂತೆ.

ಗಣೇಶನ ಹಬ್ಬದ ಮಾರನೆಯ ದಿನ, ಹೊಲದ ಏರಿಳಿತದ ಒಂದೆರಡು ಅಳತೆ ಬಾಕಿ ಇದ್ದವು ಎಂದು ನಾವಿಬ್ಬರೂ ಮತ್ತೆ ಆ ಊರಿಗೆ ಹೋದೆವು. ಗೌಡರ ಅಕ್ಕ ಗೌರಿ ಹಬ್ಬಕ್ಕೆಂದು ತವರಿಗೆ ಬಂದಿದ್ದರು. ಅರವತ್ತು ದಾಟಿದ ಹೆಂಗಸು, ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆಗೆ ಕೊಟ್ಟಿದ್ದರಂತೆ. ಕಡುಬು ತಿಂದು ಕೂತಿದ್ದಾಗ, ತಮ್ಮ ಹೊಲದ ಫೋಟೋ ಪುಸ್ತಕದಲ್ಲಿ ಬಂದಿದೆಯೇ ತೋರಿಸಿ ಎಂದು ಗೌಡರು ಕೇಳಿದರು. ವಿದ್ಯಾರ್ಥಿನಿ ಪ್ರಬಂಧದ ಕರಡು ತೆರೆದು ಜಗಲಿಯ ಮೇಲಿಟ್ಟಳು. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಇದೇನವ್ವ, ನಮ್ ಬಿಲ್ಲೆಗಳ ಫೋಟೋ ಇಡ್ಸಿದೀಯಾ?"

ಗೌಡರು ನಕ್ಕುಬಿಟ್ಟರು. "ಸುಮ್ಕಿರಕ್ಕ. ಅದು ಪಾಂಡವರ ಕಾಲದ್ದು. ಓದ್ದೋರ ಮುಂದೆ ಏನೇನೋ ಏಳ್ಬ್ಯಾಡ."

"ಪಾಂಡವ್ರು ಕುಂಟಾಬಿಲ್ಲೆ ಆಡ್ತಿದ್ರೇನ್ಲಾ? ಆಡ್ದೋಳು ನಾನು. ನೀನು ಆಗ ಚಡ್ಡಿ ಆಕ್ಕಳಕ್ಕೂ ಬರ್ದೆ ತಿರುಗ್ತಿದ್ದೆ."

ಮುಂದಿನದನ್ನು ಅವರು ವಿದ್ಯಾರ್ಥಿನಿಗೆ ಹೇಳಿದರು, ನನಗಲ್ಲ. ಪಾಂಡವರ ಕಲ್ಲಿನ ಹತ್ತಿರ ಉತ್ತಾಗ ಮೇಲೆ ಬರುತ್ತಿದ್ದ ಮಡಕೆ ಚೂರು ಬಿಲ್ಲೆಗೆ ಬಲು ಚೆನ್ನಾಗಿತ್ತಂತೆ. ತೆಳ್ಳಗಿದ್ದರೂ ಭಾರ, ಎಸೆದರೆ ಕುಂಟಾಟದ ಮನೆಯ ಗೆರೆ ದಾಟಿ ಜಾರುತ್ತಿರಲಿಲ್ಲ. ಕಲ್ಲಿನಲ್ಲಿ ಕುಟ್ಟಿ ದುಂಡಗೆ ಮಾಡಿ, ನೀರು ಹಾಕಿ ಬಂಡೆಯ ಮೇಲೆ ಉಜ್ಜುತ್ತಿದ್ದರು. ಕೊನೆಗೆ ಪಾಂಡವರ ಕಲ್ಲೊಂದರ ಬುಡದಲ್ಲಿ ಹೂತಿಟ್ಟರಂತೆ.

ಅವಳು ಕೇಳಿದಳು, "ಮತ್ತೆ ಅಲ್ಲಿ ಯಾಕಮ್ಮ ಹೂತಿಟ್ರಿ?"

"ದೊಡ್ಡೋಳಾದ್ಮೇಲೆ ಬೀದೀಲಿ ಕುಂಟಂಗಿಲ್ವಲ್ಲವ್ವ. ಮನೇಲಿ ಮಡಗಿದ್ರೆ ನಮ್ಮವ್ವ ತಿಪ್ಪೆಗೆ ಎಸೀತಿದ್ಲು. ಇನ್ನೊಬ್ಳಿಗೆ ಕೊಡಕ್ಕೂ ಮನಸ್ ಬರದು. ಅದ್ಕೇ ಮೈನೆರೆದಾಗ ಕೂರ್ಸೋ ಗುಡ್ಲಿಂದ ಒರಗ್ ಬಂದೇಟ್ಗೆ, ಜತೆಗಾತೀರೆಲ್ಲ ಸೇರ್ಕಂಡು ಅಲ್ಲಿ ಮಡಗಿ ಬರ್ತಿದ್ವಿ. ಒಬ್ಬೊಬ್ಳಾಗಿ. ಗಂಡ್ ಹೈಕ್ಳಿಗೆ ಏಳ್ತಿರ್ಲಿಲ್ಲ."

ನಾನು ಪ್ರಶ್ನೆ ಹಾಕತೊಡಗಿದೆ. ಯಾವ ಕಲ್ಲು? ಎಷ್ಟು ಆಳ? ಏನಿಂದ ಅಗೆದಿರಿ? ಮೌಖಿಕ ಪರೀಕ್ಷೆಯಲ್ಲಿ ಕೇಳುವ ಧಾಟಿಯಲ್ಲೇ ಕೇಳಿದೆನೆಂದು ಈಗ ಅನಿಸುತ್ತದೆ. ವಾಯವ್ಯ ಎನ್ನುವ ಬದಲು ಅವರು ಹೊಂಗೆಮರದ ದಿಕ್ಕಿನ ಕಲ್ಲು ಎಂದರು. ಎರಡೂ ಒಂದೇ. ಅಗೆದದ್ದು ಕಳೆ ಕೀಳುವ ಕುಡುಗೋಲಿನಿಂದ. ಆಳ ಗೊತ್ತಿಲ್ಲ, "ಕೈ ಓಗೋಗಂಟ". ಬಂಡೆಯ ಮೇಲೊಂದು ಸವೆದ ಗೀರಿದೆ, ಅದನ್ನು ನಾವು ಕಲ್ಲುಕೊಡಲಿ ಮಸೆದ ಗುರುತೆಂದು ಬರೆದಿದ್ದೆವು. ಅದೂ ನಿಮ್ಮದೇನಾ ಎಂದು ಕೇಳಿದೆ. ಆ ಗೀರು ತಮ್ಮ ಅಜ್ಜಿಯ ಕಾಲಕ್ಕೂ ಇತ್ತು, ತಾವು ಅದರಲ್ಲಿ ಉಜ್ಜಿದರೇ ಹೊರತು ಮಾಡಿದವರು ತಾವಲ್ಲ ಎಂದರು.

"ಎಷ್ಟು ಸಿಕ್ಕಿದ್ವು ಸಾ ನಿಮ್ಗೆ?"

"ಹನ್ನೊಂದು."

"ಇನ್ನೂ ಅವೆ. ಅದ್ರ ಎಡಗಡೆ ಕಲ್ ಪಕ್ಕ ತೆಗ್ದು ನೋಡಿ. ನಮ್ಮ ಚಿಕ್ಕಪ್ಪನ ಮಗಳು ಒಬ್ಳೇ ಬ್ಯಾರೆ ಮಡಗಿದ್ಲು, ಜಡೆ ರಿಬ್ಬನ್ ಸಮೇತ. ನಮ್ಮೇಲೆ ಮುನಿಸ್ಕಂಡು."

ಹಾಸನಕ್ಕೆ ಹಿಂದಿರುಗುವಾಗ ವ್ಯಾನಿನಲ್ಲಿ ವಿದ್ಯಾರ್ಥಿನಿ ಕರಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ತಲೆಯಲ್ಲಿ ಸಾಲಾಗಿ ವಾದಗಳು ಬರುತ್ತಿದ್ದವು. ಐವತ್ತು ವರ್ಷದ ಹಿಂದಿನ ನೆನಪು. ಬೇರೆ ಬಿಲ್ಲೆಗಳಿರಬಹುದು. ಊರಿನ ಹೆಂಗಸೊಬ್ಬರ ಮಾತಿಗೆ ಎದುರಾಗಿ ಸಹಿ ಮಾಡಿದ ನಕ್ಷೆಯಿದೆ. ಗೋಡೆಯಂತೂ ಕುಸಿದುಹೋಗಿದೆ, ಯಾರೂ ಪರೀಕ್ಷಿಸಲಾರರು. ಈ ಕೊನೆಯ ವಾದ ಬಂದಾಗ ಒಂದು ಕ್ಷಣ ನೆಮ್ಮದಿಯಾಯಿತು ಎಂದು ಮನೆಯ ಡೈರಿಯಲ್ಲಿ ಬರೆದಿದ್ದೇನೆ. ಬರೆಯದೆ ಹೋಗಿದ್ದರೆ ಅದನ್ನೂ ಈಗ ಮರೆತಿರುತ್ತಿದ್ದೆ.

ಹೊಳೆನರಸೀಪುರದ ಸೇತುವೆ ದಾಟುವಾಗ ಅವಳು ಕೇಳಿದಳು, "ಸರ್, ಜಲ್ಲಿ ಪದರದ ಗೆರೆ ಬಿಲ್ಲೆಗಳ ಮೇಲೆ ಹಾದು ಹೋಗಿದ್ದನ್ನ ನೀವು ನೋಡಿದ್ರಾ?"

ನೋಡಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನೋಡಿದಂತೆಯೇ ನೆನಪಿತ್ತು ಕೂಡ. ದಿನಚರಿ ಚೀಲದಲ್ಲೇ ಇತ್ತು. ತೆಗೆದು ಆ ಪುಟ ಓದಿದೆ. ಬಿಲ್ಲೆಗಳ ಅಳತೆಯ ನಂತರ ಎರಡು ಸಾಲು: "ಇಲ್ಲಿ ಮಣ್ಣು ಸಡಿಲ. ನಾಳೆ ಬೆಳಕಿನಲ್ಲಿ ನೋಡಬೇಕು." ಅದರ ಕೆಳಗೆ: "ಬುಟ್ಟಿ ಹೊರುವ ಹೆಂಗಸರು ಬಿಲ್ಲೆ ನೋಡಿ ಏನೋ ನಗುತ್ತಿದ್ದರು. ಕೆಲಸದ ಕಡೆ ಗಮನ ಕೊಡಿ ಎಂದು ಹೇಳಬೇಕಾಯಿತು." ಆ ದಿನದ ಮನೆಯ ಡೈರಿಯಲ್ಲಾದರೋ ಬಿಲ್ಲೆ ಸಿಕ್ಕ ಸಂಭ್ರಮವಷ್ಟೇ ಇದೆ, ಮಣ್ಣಿನ ಮಾತೇ ಇಲ್ಲ.

ಸಡಿಲ ಮಣ್ಣು ಎಂದರೆ ಯಾರೋ ಒಮ್ಮೆ ಅಗೆದು ಮುಚ್ಚಿದ್ದು. ಇದು ನಾನು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮೊದಲ ವಾರ ಹೇಳುವ ಪಾಠ. ಪುಟವನ್ನು ಅವಳ ಕೈಗೆ ಕೊಟ್ಟೆ. ನಕ್ಷೆಯನ್ನು ಮಳೆಯ ಮರುದಿನ ನೆನಪಿನಿಂದ ಬರೆದೆ ಎಂದೂ ಹೇಳಿದೆ.

ಅವಳು ಎರಡು ಸಲ ಓದಿದಳು. "ಅಂಚು ಉಜ್ಜಿದ್ದು ಈಚೆಗೆ, ಅದಕ್ಕೇ ಅಲ್ಲಿ ಪೊರೆ ಇಲ್ಲ. ನಾನು ಅದನ್ನ ಕೇಳಿದಾಗ ನೀವು ಇದನ್ನ ತೆಗೆದು ನೋಡಬಹುದಿತ್ತು ಸರ್." ದನಿ ಏರಿಸಲಿಲ್ಲ. ಆಮೇಲೆ, "ನಾನೂ ನಾಲ್ಕನೇ ಕ್ಲಾಸಿನವರೆಗೆ ಆಡಿದೀನಿ. ಹೆಂಚಿನ ಚೂರಲ್ಲಿ. ಮೊದಲ ಬಿಲ್ಲೆ ಕೈಗೆ ತಗೊಂಡಾಗ ಹಾಗೇ ಎಸೆಯೋಕೆ ಹಿಡಿದಿದ್ದೆ. ನೀವು ಗೆರೆ ಇದೆ ಅಂದ್ರಿ ಅಂತ ಅದನ್ನ ತಲೆಯಿಂದ ತೆಗೆದುಹಾಕಿದೆ."

ಅಗೆಯುವ ಅನುಮತಿ ಸೆಪ್ಟೆಂಬರ್ ಕೊನೆಯವರೆಗಿತ್ತು. ತೆಗೆದು ನೋಡುವುದಾದರೆ ಆಗಲೇ ನೋಡಬೇಕು. ರಿಬ್ಬನ್ ಸಿಕ್ಕರೆ ಅಧ್ಯಾಯ ಹೋಗುತ್ತದೆ, ನವೆಂಬರಿನೊಳಗೆ ಇನ್ನೊಂದು ಬರೆಯಲಾಗದು. ತೆಗೆಯದಿದ್ದರೆ ಪ್ರಬಂಧ ಹಾಗೇ ಹೋಗುತ್ತದೆ, ಬಹುಶಃ ಹೊಗಳಿಕೆಯ ಜೊತೆಗೆ. ತೀರ್ಮಾನ ನಿನ್ನದು ಎಂದು ನಾನು ಹೇಳಿದೆ. ಅದು ಉದಾರವಾದ ಮಾತಲ್ಲ ಎಂದು ಹೇಳಿದ ಮೇಲೆ ಹೊಳೆಯಿತು. ತಪ್ಪು ನನ್ನದು, ಭಾರ ಅವಳ ಮೇಲೆ. ಆದ್ದರಿಂದ ತಿದ್ದಿಕೊಂಡೆ. ತೆಗೆಯೋಣ, ಏನೇ ಸಿಕ್ಕರೂ ನಕ್ಷೆಯ ವಿಷಯ ವಿಶ್ವವಿದ್ಯಾಲಯಕ್ಕೆ ನಾನೇ ಬರೆದು ತಿಳಿಸುತ್ತೇನೆ ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಲೇ, "ನಾಳೆ ಬೆಳಿಗ್ಗೆಯೇ ಹೋಗೋಣ. ಅವರು ಗಂಡನ ಮನೆಗೆ ಹೊರಡೋದರೊಳಗೆ" ಎಂದಳು.

ಮರುದಿನ ಅದೇ ಏಳು ಹೆಂಗಸರನ್ನು ಕರೆಸಿದೆವು. ಅವರಲ್ಲಿ ಆರು ಮಂದಿ ಬೇರೆ ಊರುಗಳಿಂದ ಸೊಸೆಯರಾಗಿ ಬಂದವರು. ಏಳನೆಯವಳನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ಅವಳು ಹುಟ್ಟಿದ ಊರಲ್ಲೇ ಉಳಿದಿದ್ದಳು. ಗೌಡರ ಅಕ್ಕನಿಗಿಂತ ಕೆಲವು ವರ್ಷ ಚಿಕ್ಕವಳು. ಬೇಸಿಗೆಯಲ್ಲಿ ಮೊದಲು ನಕ್ಕವಳು ಅವಳೇ ಎಂದು ಉಳಿದವರು ತೋರಿಸಿದರು. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕೆಲ್ಸ ನೋಡ್ರಮ್ಮ ಅಂದ್ರಲ್ಲ ಸಾ. ಅದ್ಕೇ ಕೆಲ್ಸ ನೋಡಿದ್ವಿ."

ಎಡಗಡೆಯ ಕಲ್ಲಿನ ಪಕ್ಕ ಒಂದು ಮೊಳ ಚೌಕ ಗುರುತು ಮಾಡಿ ಮೇಲೆ ಟಾರ್ಪಾಲು ಕಟ್ಟಿದೆವು. ಮೋಡವಿತ್ತು, ಆದರೆ ಬೆಳಕು ಹದವಾಗಿತ್ತು. ಈ ಸಲ ಕರಣೆ ವಿದ್ಯಾರ್ಥಿನಿಯೊಬ್ಬಳದೇ. ನಾನು ಅಳತೆ ಟೇಪು ಹಿಡಿದೆ. ಗೌಡರ ಅಕ್ಕ ಸೆರಗು ಹೊದ್ದು ಪಕ್ಕದ ಕಲ್ಲಿನ ಮೇಲೆ ಕೂತರು. ಉತ್ತ ಮಣ್ಣು ಹೋಯಿತು, ಕಂದು ಮಣ್ಣು ಹೋಯಿತು. ಜಲ್ಲಿ ಪದರ ಬಂದಾಗ ಅವಳು ಕೈ ನಿಲ್ಲಿಸಿ, ನೀರು ಚಿಮುಕಿಸಿ, ತಲೆ ಓರೆ ಮಾಡಿ ನೋಡಿದಳು. ಗಟ್ಟಿ ಜಲ್ಲಿಯ ನಡುವೆ ತಟ್ಟೆಯಗಲದ ಒಂದು ಸುತ್ತು ಚೂರೇ ಚೂರು ಕಪ್ಪಗಿತ್ತು. ಬೆರಳಿಂದ ಒತ್ತಿದರೆ ಇಳಿಯುತ್ತಿತ್ತು. ಪದರ ಅಲ್ಲಿ ತುಂಡಾಗಿತ್ತು. ಸುತ್ತಲೂ ಮೊಳೆ ಚುಚ್ಚಿ ಆ ಗೆರೆ ಗುರುತಿಸಿದಳು. ಫೋಟೋ ತೆಗೆದೆವು, ಮೇಲಿನಿಂದ, ಪಕ್ಕದಿಂದ ಎರಡೂ.

ಆ ಸುತ್ತಿನೊಳಗೆ ಮಾತ್ರ ಕೆರೆಯುತ್ತ ಹೋದಳು. ಮುಂಗೈ ಮುಳುಗುವಷ್ಟು ಆಳದಲ್ಲಿ ಒಂದು ಬಿಲ್ಲೆ. ಅದಕ್ಕೆ ಅಂಟಿಕೊಂಡಂತೆ ತುಕ್ಕು ಹಿಡಿದ ಒಂದು ಹೇರ್‌ಪಿನ್, ಅದರ ಸುತ್ತ ಮಣ್ಣು ಬಣ್ಣಕ್ಕೆ ತಿರುಗಿದ ನೈಲಾನ್ ಪಟ್ಟಿ. ಬ್ರಷ್ಷಿನಿಂದ ತಟ್ಟಿದಾಗ ಒಂದು ಮಡಿಕೆಯೊಳಗೆ ಕೆಂಪು ಉಳಿದಿತ್ತು.

ನನಗೆ ನಿರಾಸೆಯಾಗಬೇಕಿತ್ತು. ಆಯಿತೋ ಇಲ್ಲವೋ ಖಚಿತವಾಗಿ ಹೇಳಲಾರೆ. ದಿನಚರಿಯಲ್ಲಿ ಆ ಹೊತ್ತಿಗೆ ಆಳದ ಅಂಕಿ ಮಾತ್ರ ಇದೆ. ಅಕ್ಕ ಗೆದ್ದ ಮುಖ ಮಾಡಲಿಲ್ಲ. "ಮದ್ವೆ ಆಗಿ ಎರಡ್ನೇ ಎರಿಗೇಲಿ ಓಗ್ಬುಟ್ಲು ಅವ್ಳು" ಎಂದಷ್ಟೇ ಹೇಳಿ, ರಿಬ್ಬನ್ನನ್ನು ಮುಟ್ಟಬಹುದೇ ಎಂದು ಕೇಳಿದರು. ವಿದ್ಯಾರ್ಥಿನಿ ನನ್ನ ಕಡೆ ನೋಡದೆಯೇ ಹೂಂ ಎಂದಳು.

ಗೋಡೆಯ ನಕ್ಷೆಯನ್ನು ಅವಳು ಆ ಗಂಟೆಯಲ್ಲೇ ಬರೆದಳು. ನನ್ನ ಹಳೆಯ ನಕ್ಷೆಯ ಅಡಿಯಲ್ಲಿ ನಾನು "ಗೋಡೆ ಕುಸಿದ ನಂತರ ನೆನಪಿನಿಂದ ಬರೆದದ್ದು, ನಂಬತಕ್ಕದ್ದಲ್ಲ" ಎಂದು ಸೇರಿಸಿ ಮತ್ತೊಮ್ಮೆ ಸಹಿ ಹಾಕಿದೆ. ವಿಶ್ವವಿದ್ಯಾಲಯಕ್ಕೆ ಅದನ್ನೇ ಪತ್ರವಾಗಿ ಬರೆದು, ಗಡುವು ತಪ್ಪುತ್ತಿರುವುದು ನನ್ನಿಂದ, ಅಭ್ಯರ್ಥಿಯಿಂದಲ್ಲ ಎಂದು ತಿಳಿಸಿದೆ. ಸಮಿತಿಯ ಮುಂದೆ ಹೋಗಿ ಅದನ್ನೇ ಬಾಯಿಬಿಟ್ಟು ಹೇಳಬೇಕಾಯಿತು. ಆ ಅರ್ಧ ಗಂಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾಲ್ಕು ತಿಂಗಳು ಕೊಟ್ಟರು. ಸಮಾಧಿಯ ಕಾಲಕ್ಕೆ ಧಕ್ಕೆಯಾಗಲಿಲ್ಲ. ಅದು ಇನ್ನೂ ಕೆಳಗೆ, ಕದಡದ ಮಣ್ಣಿನಲ್ಲಿ ಸಿಕ್ಕ ಮಡಕೆಗಳ ಮೇಲೆ ನಿಂತಿತ್ತು. ಆಟದ ಸಾಮಾನಿನ ಅಧ್ಯಾಯ ಹೋಯಿತು. ಅದರ ಜಾಗಕ್ಕೆ, ಆ ಕಲ್ಲುಗಳ ನಡುವೆ ಎರಡು ಬೇರೆ ಕಾಲದ ಜನ ಹೇಗೆ ಏನೇನನ್ನು ಹೂತರು ಎಂಬ ಚಿಕ್ಕ ಅಧ್ಯಾಯ ಬಂತು. ಮೊದಲಿನಷ್ಟು ಅಚ್ಚುಕಟ್ಟಲ್ಲ. ಆದರೆ ಅದರಲ್ಲಿ ನನ್ನ ಒಂದು ಗೆರೆಯೂ ಇಲ್ಲ. ಪ್ರಬಂಧವನ್ನು ಅವಳು ಕಳೆದ ತಿಂಗಳು ಒಪ್ಪಿಸಿದಳು.

ಒಪ್ಪಿಸುವ ಮೊದಲು ಬಿಲ್ಲೆಗಳನ್ನು ನೋಂದಣಿ ಪುಸ್ತಕಕ್ಕೆ ಏರಿಸುವ ಕೆಲಸ ಉಳಿದಿತ್ತು. ಗೌಡರ ಅಕ್ಕ ಯಾವುದೋ ಕೆಲಸಕ್ಕೆ ಹಾಸನಕ್ಕೆ ಬಂದವರು ಪ್ರಯೋಗಾಲಯಕ್ಕೂ ಬಂದರು. ಹನ್ನೆರಡೂ ಬಿಲ್ಲೆ ತಟ್ಟೆಯಲ್ಲಿದ್ದವು. ಕನ್ನಡಕ ಹಾಕಿಕೊಳ್ಳಲಿಲ್ಲ. ಒಂದೊಂದನ್ನೇ ಎತ್ತಿ ಹೆಬ್ಬೆರಳಿಂದ ಅಂಚು ಸವರುತ್ತ ಹೋಗಿ, ಏಳನೆಯದರಲ್ಲಿ ನಿಂತರು. ಅದರಲ್ಲಿ ಉಗುರಿನಗಲದ ಒಂದು ಚಪ್ಪಟೆ ಜಾಗವಿತ್ತು. ಬೆರಳು ಕೂರಲು ಬೇಕೆಂದೇ ಉಜ್ಜಿಕೊಂಡದ್ದಂತೆ. ನಮ್ಮ ಪಟ್ಟಿಯಲ್ಲಿ ಅದು "ಅಂಚು ಮುಕ್ಕಾಗಿದೆ" ಎಂದಿತ್ತು.

ನಿಮಗೆ ಕೊಡಲು ನಿಯಮವಿಲ್ಲ, ಮಡಕೆ ಹಳೆಯದು, ಇಲಾಖೆಗೆ ಒಪ್ಪಿಸಬೇಕು ಎಂದು ನಾನು ಸಂಕೋಚದಿಂದಲೇ ಹೇಳಿದೆ.

"ಬ್ಯಾಡ ಬುಡಿ ಸಾ. ತಕಂಡೋಗಿ ಕುಂಟಕ್ಕೆ ಮಂಡಿ ಎಲ್ಲೈತೆ? ನಂದು ಅಂತ ಬರ್ಕಳಿ, ಸಾಕು."

ನಮ್ಮ ನೋಂದಣಿ ಪುಸ್ತಕದಲ್ಲಿ ವಸ್ತು, ಅಳತೆ, ಆಳ, ಕಾಲ ಎಂಬ ಅಂಕಣಗಳ ನಂತರ ಕೊನೆಯಲ್ಲಿ ಮಾಡಿದವರು ಎಂದು ಒಂದಿದೆ. ಯಾವುದೋ ಹಳೆಯ ನಮೂನೆಯಿಂದ ಉಳಿದುಬಂದದ್ದು. ನಾನು ಕೆಲಸಕ್ಕೆ ಸೇರಿದಂದಿನಿಂದ ಅದರಲ್ಲಿ ಅಡ್ಡಗೆರೆ ಮಾತ್ರ ಎಳೆದಿದ್ದೇನೆ, ಪುಟದ ಮೇಲೆ ಪುಟ, ಕೈ ತಾನಾಗಿ ಎಳೆಯುತ್ತದೆ. ವಿದ್ಯಾರ್ಥಿನಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಏಳನೆಯ ಬಿಲ್ಲೆಯ ಎದುರು ಅವರ ಹೆಸರು ಕೇಳಿ ಬರೆದಳು. ತಂದೆಯ ಹೆಸರೋ ಗಂಡನ ಹೆಸರೋ ಎಂದು ಅಕ್ಕ ಕೇಳಿದರು. ಎರಡೂ ಬೇಡ, ನಿಮ್ಮದು ಸಾಕು ಎಂದಳು. ರಿಬ್ಬನ್ ಜೊತೆಗಿದ್ದ ಬಿಲ್ಲೆಗೆ ಚಿಕ್ಕಪ್ಪನ ಮಗಳ ಹೆಸರು ಬಂತು.

ಉಳಿದ ಹತ್ತಕ್ಕೆ ಅವಳು ಇನ್ನೂ ಹುಡುಕುತ್ತಿದ್ದಾಳೆ. ಆ ಊರಿನ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಕಡೆಗೆಲ್ಲ ಫೋನು ಹೋಗುತ್ತದೆ. ಒಬ್ಬರು ಶ್ರವಣಬೆಳಗೊಳದಲ್ಲಿ ಅಂಗಡಿ ಇಟ್ಟಿದ್ದಾರೆ, ಫೋಟೋ ಕಳಿಸಿದರೆ ಬೇಡ, ಬೆರಳಿಗೆ ಸಿಕ್ಕರೆ ಮಾತ್ರ ಗೊತ್ತಾಗುತ್ತದೆ ಎಂದರಂತೆ. ಈವರೆಗೆ ನಾಲ್ಕು ಹೆಸರು ಸೇರಿವೆ. ಉಳಿದ ಆರರ ಎದುರು ಅಡ್ಡಗೆರೆ ಎಳೆಯಬೇಡಿ ಸರ್, ಖಾಲಿ ಬಿಡಿ ಎಂದು ಹೇಳಿದ್ದಾಳೆ. ಬಿಟ್ಟಿದ್ದೇನೆ.